ಬರಿಗೈಯ ಗುರು

ಮಕ್ಕಳೇ, ಬಿಳಿಯ ಉಡುಪು ತೊಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ, ಸಾಲಾಗಿ ನಿಂತು ಕರಾಟೆ ಕಲಿಯುವವರನ್ನು ನೀವು ನೋಡಿರಬಹುದು. ನಿಮ್ಮಲ್ಲಿ ಕೆಲವರು ಕಲಿಯುತ್ತಲೂ ಇರಬಹುದು. ಈ ವಿದ್ಯೆಯನ್ನು ಜಪಾನಿನಲ್ಲಿ ಹರಡಿದವರಲ್ಲಿ ಮುಖ್ಯರು ಒಬ್ಬ ಶಾಲಾ ಶಿಕ್ಷಕರು. ಅವರೇ ಗಿಚಿನ್ ಫುನಾಕೋಶಿ.

ಫುನಾಕೋಶಿಯವರು 1868ರಲ್ಲಿ ಓಕಿನಾವಾ ದ್ವೀಪದ ಶೂರಿ ಎಂಬ ಊರಿನಲ್ಲಿ ಜನಿಸಿದರು. ದಿನ ತುಂಬುವ ಮೊದಲೇ ಹುಟ್ಟಿದ ಮಗು. ಇದು ಬದುಕಲಾರದು ಎಂದೇ ಮನೆಯವರು ಅಂದುಕೊಂಡಿದ್ದರು. ಶಾಲೆಯಲ್ಲಿ ಅವರಿಗೊಬ್ಬ ಗೆಳೆಯ ಸಿಕ್ಕಿದನು. ಅವನ ತಂದೆ ಅಸಾತೊ ಅವರು ಕರಾಟೆಯಲ್ಲಿ ದೊಡ್ಡ ಗುರುಗಳು.

ಆಗ ಕರಾಟೆಯನ್ನು ಎಲ್ಲರೆದುರು ಕಲಿಸುತ್ತಿರಲಿಲ್ಲ. ಬಾಲಕನು ರಾತ್ರಿಯ ಹೊತ್ತು ಗುರುಗಳ ಮನೆಗೆ ನಡೆದು ಹೋಗುತ್ತಿದ್ದನು. ಬೆಳದಿಂಗಳಿಲ್ಲದಿದ್ದರೆ ಕೈಯಲ್ಲೊಂದು ಲಾಟೀನು. ಅಂಗಳದಲ್ಲಿ ಅದೇ ಹೆಜ್ಜೆ, ಅದೇ ಹೊಡೆತ, ಅದೇ ತಿರುವು. ಒಂದೇ ವರಸೆಯನ್ನು ತಿಂಗಳುಗಟ್ಟಲೆ ಮಾಡಬೇಕು. ಗುರುಗಳು ಒಪ್ಪುವವರೆಗೆ ಮುಂದಿನ ಪಾಠವಿಲ್ಲ. ಎಷ್ಟು ಬೇಸರವಾಗಿರಬೇಕು, ಯೋಚಿಸಿ! ಆದರೂ ಅವನು ಬಿಡಲಿಲ್ಲ. ಕೃಶವಾಗಿದ್ದ ಮೈ ನಿಧಾನವಾಗಿ ಗಟ್ಟಿಯಾಯಿತು.

ದೊಡ್ಡವರಾದ ಮೇಲೆ ಅವರು ಸುಮಾರು 30 ವರ್ಷ ಶಾಲೆಯಲ್ಲಿ ಪಾಠ ಹೇಳಿದರು. 1922ರಲ್ಲಿ ಟೋಕಿಯೋ ನಗರದಲ್ಲಿ ಶಿಕ್ಷಣ ಇಲಾಖೆಯ ಕ್ರೀಡಾ ಪ್ರದರ್ಶನ ನಡೆಯಿತು. ಅಲ್ಲಿ ಅವರು ಕರಾಟೆಯನ್ನು ತೋರಿಸಿದರು. ನೋಡಿದವರು ತಮಗೂ ಕಲಿಸಿರೆಂದು ಕೇಳಿಕೊಂಡರು. ಹಾಗಾಗಿ ಅವರು ಊರಿಗೆ ಮರಳಲಿಲ್ಲ.

ಆದರೆ ಕೈಯಲ್ಲಿ ಹಣವೆಲ್ಲಿತ್ತು? ತಮ್ಮ ದ್ವೀಪದ ವಿದ್ಯಾರ್ಥಿಗಳಿದ್ದ ವಸತಿಗೃಹದ ಚಿಕ್ಕ ಕೋಣೆಯಲ್ಲಿ ಉಳಿದರು. ಹಗಲು ಅಲ್ಲಿಯ ಅಂಗಳ ಗುಡಿಸಿದರು, ತೋಟ ನೋಡಿಕೊಂಡರು. ಆಗ ಅವರಿಗೆ ಐವತ್ತು ದಾಟಿತ್ತು! ಒಮ್ಮೆ ತಮ್ಮ ಹಳೆಯ ಟೊಪ್ಪಿಯನ್ನೂ ನಿಲುವಂಗಿಯನ್ನೂ ಅಂಗಡಿಯಲ್ಲಿ ಒತ್ತೆಯಿಟ್ಟರು. ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಹಣ ಬಂದಿತು. ಅಂಗಡಿಯ ಗುಮಾಸ್ತನ ತಮ್ಮನು ಇವರ ಶಿಷ್ಯನಾಗಿದ್ದನು!

ಮೊದಲು ಕರಾಟೆ ಎಂಬ ಹೆಸರನ್ನು 'ಚೀನಾದ ಕೈ' ಎಂಬ ಅರ್ಥ ಬರುವ ಅಕ್ಷರಗಳಿಂದ ಬರೆಯುತ್ತಿದ್ದರು. ಫುನಾಕೋಶಿಯವರು ಅದೇ ಉಚ್ಚಾರಣೆಯ ಬೇರೆ ಅಕ್ಷರವನ್ನು ಬಳಸಿದರು. ಅರ್ಥ 'ಬರಿಗೈ' ಎಂದಾಯಿತು. ಕರಾಟೆ ಬಲ್ಲವನು ತಾನಾಗಿ ಮೊದಲು ಕೈ ಎತ್ತಬಾರದೆಂದು ಅವರು ಶಿಷ್ಯರಿಗೆ ಕಟ್ಟುನಿಟ್ಟಾಗಿ ಹೇಳುತ್ತಿದ್ದರು.

ಶಿಷ್ಯರು ಹಣ ಕೂಡಿಸಿ ಗುರುಗಳಿಗೊಂದು ಕರಾಟೆ ಶಾಲೆ ಕಟ್ಟಿಸಿದರು. ಅದಕ್ಕೆ ಶೋತೊಕಾನ್ ಎಂದು ಹೆಸರು. 1945ರಲ್ಲಿ, ಯುದ್ಧಕಾಲದ ಬಾಂಬಿನ ದಾಳಿಗೆ ಅದು ನಾಶವಾಯಿತು. ಅದೇ ವರ್ಷ ಅವರ ಮಗ ಗಿಗೊ ಕೂಡ ತೀರಿಕೊಂಡರು. ವೃದ್ಧ ಗುರುಗಳು ಮತ್ತೆ ಶಿಷ್ಯರ ಮುಂದೆ ನಿಂತರು. ಎಂಬತ್ತು ದಾಟಿದ ಮೇಲೂ ಅಭ್ಯಾಸ ನಿಲ್ಲಲಿಲ್ಲ. 1957ರಲ್ಲಿ, ತಮ್ಮ 88ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.