ಮೂರನೆಯ ಸೋಮೇಶ್ವರ

ಮೂರನೆಯ ಸೋಮೇಶ್ವರ (ಆಳ್ವಿಕೆ: ಕ್ರಿ.ಶ. 1126–1138) ಕಲ್ಯಾಣದ ಚಾಲುಕ್ಯ ವಂಶದ ಅರಸ ಮತ್ತು ಸಂಸ್ಕೃತ ವಿಶ್ವಕೋಶ ಮಾನಸೋಲ್ಲಾಸದ ಕರ್ತೃ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬುವು ಈತನ ಬಿರುದುಗಳು. ರಾಜ್ಯವಿಸ್ತಾರಕ್ಕಿಂತ ಗ್ರಂಥರಚನೆಯಿಂದಲೇ ಈತನ ಹೆಸರು ಹೆಚ್ಚಾಗಿ ಉಳಿದಿದೆ. ಕೆಂಡದ ಮೇಲೆ ಮಾಂಸ ಸುಡುವ ವಿಧಾನಗಳನ್ನು ವಿವರವಾಗಿ ದಾಖಲಿಸಿದ ಕರ್ನಾಟಕದ ಅರಸನೆಂದು ಆಹಾರ ಇತಿಹಾಸದಲ್ಲಿಯೂ ಈತನಿಗೆ ಸ್ಥಾನವಿದೆ.

ಹಿನ್ನೆಲೆ

ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯ. ಸುಮಾರು ಐವತ್ತು ವರ್ಷ (1076–1126) ಆಳಿದ ಆತನ ಆಸ್ಥಾನದಲ್ಲಿ ಕವಿ ಬಿಲ್ಹಣ ಮತ್ತು ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರ ಇದ್ದರು. ರಾಜಧಾನಿ ಕಲ್ಯಾಣವು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಈಗಿನ ಧಾರವಾಡ ಜಿಲ್ಲೆಯ ಅಣ್ಣಿಗೇರಿ, ಕುಂದಗೋಳ, ಸಂಶಿ ಪರಿಸರವೂ ಚಾಲುಕ್ಯ ಸಾಮ್ರಾಜ್ಯಕ್ಕೆ ಸೇರಿತ್ತು. ಅಣ್ಣಿಗೇರಿಯ ಅಮೃತೇಶ್ವರ ಮತ್ತು ಕುಂದಗೋಳದ ಶಂಭುಲಿಂಗ ದೇವಾಲಯಗಳು ಆ ಕಾಲದ ಕುರುಹುಗಳಾಗಿ ಉಳಿದಿವೆ.

ಆಳ್ವಿಕೆ

ತಂದೆಯ ಮರಣಾನಂತರ ಪಟ್ಟಕ್ಕೆ ಬಂದ ಸೋಮೇಶ್ವರನಿಗೆ ದೊಡ್ಡ ಸಾಮ್ರಾಜ್ಯದೊಡನೆ ಅದರ ಒಳಬಿರುಕುಗಳೂ ಬಳುವಳಿಯಾಗಿ ಬಂದವು. ದಕ್ಷಿಣದಲ್ಲಿ ಸಾಮಂತನಾಗಿದ್ದ ಹೊಯ್ಸಳ ವಿಷ್ಣುವರ್ಧನನು ಸ್ವತಂತ್ರನಾಗಲು ಯತ್ನಿಸಿದನು. ಪೂರ್ವದಲ್ಲಿ ವೆಂಗಿಯು ಚೋಳರ ಪಾಲಾಯಿತು. ಅರಸನ ಒಲವು ಯುದ್ಧಕ್ಕಿಂತ ವಿದ್ಯೆಯ ಕಡೆಗಿತ್ತೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ತಂದೆಯ ಚರಿತ್ರೆಯನ್ನು ಹೇಳುವ ವಿಕ್ರಮಾಂಕಾಭ್ಯುದಯ ಎಂಬ ಗದ್ಯಕೃತಿಯನ್ನೂ ಈತ ರಚಿಸಿದ್ದು, ಅದು ಅಪೂರ್ಣವಾಗಿ ದೊರೆತಿದೆ.

ಮಾನಸೋಲ್ಲಾಸ

ಅಭಿಲಷಿತಾರ್ಥ ಚಿಂತಾಮಣಿ ಎಂಬ ಇನ್ನೊಂದು ಹೆಸರೂ ಇರುವ ಈ ಗ್ರಂಥವು ಸುಮಾರು 1129ರಲ್ಲಿ ರಚಿತವಾಯಿತು. ತಲಾ 20 ಅಧ್ಯಾಯಗಳ ಐದು ವಿಂಶತಿಗಳಿದ್ದು, ಒಟ್ಟು 100 ಅಧ್ಯಾಯಗಳಿವೆ. ರಾಜ್ಯವನ್ನು ಪಡೆಯುವುದು, ಅದನ್ನು ಸ್ಥಿರಗೊಳಿಸುವುದು, ಅರಸನ ಉಪಭೋಗಗಳು, ವಿನೋದಗಳು ಮತ್ತು ಕ್ರೀಡೆಗಳು ಎಂಬ ಕ್ರಮದಲ್ಲಿ ವಿಷಯಗಳು ಸಾಗುತ್ತವೆ. ಆನೆ, ರತ್ನ, ವೈದ್ಯ, ಚಿತ್ರಕಲೆ, ಸಂಗೀತ, ನೃತ್ಯ ಮುಂತಾದ ವಿಷಯಗಳೆಲ್ಲ ಇದರಲ್ಲಿವೆ.

ಅನ್ನಭೋಗ ಮತ್ತು ಸುಟ್ಟ ಮಾಂಸ

ಮೂರನೆಯ ವಿಂಶತಿಯ ಅನ್ನಭೋಗ ಭಾಗವು ಅರಮನೆಯ ಅಡುಗೆಯನ್ನು ವಿವರಿಸುತ್ತದೆ. ಇಂದಿನ ಇಡ್ಲಿ, ದೋಸೆ, ವಡೆಗಳ ಪೂರ್ವರೂಪಗಳಾದ ಇಡ್ಡರಿಕಾ, ದೋಸಕ, ವಟಕಗಳು ಇಲ್ಲಿ ಬರುತ್ತವೆ. ಇವುಗಳೊಡನೆ ಹಂದಿ, ಜಿಂಕೆ, ಆಡು, ಹಕ್ಕಿ, ಮೀನುಗಳ ಅಡುಗೆಯನ್ನೂ ಅರಸನು ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾನೆ.

ಶೂಲಕ್ಕೆ ಪೋಣಿಸಿ ಸುಟ್ಟ ಮಾಂಸಕ್ಕೆ ಭಡಿತ್ರ ಎಂಬ ಹೆಸರಿದೆ. ಹಂದಿಯ ಮೈಮೇಲೆ ಬಟ್ಟೆ ಹೊದಿಸಿ ಕುದಿನೀರು ಸುರಿದು, ಇಲ್ಲವೇ ಹುಲ್ಲಿನ ಬೆಂಕಿಯಲ್ಲಿ ಸುಟ್ಟು ಕೂದಲು ತೆಗೆಯುವ ಕ್ರಮವನ್ನು ಗ್ರಂಥವು ಹೇಳುತ್ತದೆ. ಪಿತ್ತಜನಕಾಂಗವನ್ನು ಅಡಿಕೆಯ ಗಾತ್ರಕ್ಕೆ ಕತ್ತರಿಸಿ, ಕೆಂಡದಲ್ಲಿ ಸುಟ್ಟು, ಮೊಸರಿಗೆ ಅಥವಾ ಸಾಸಿವೆಯ ರಸಕ್ಕೆ ಹಾಕಲಾಗುತ್ತಿತ್ತು. ಹೊಲದ ಇಲಿಯನ್ನು ಕಬ್ಬಿಣದ ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು ಉಪ್ಪು, ಜೀರಿಗೆ ಉದುರಿಸುವ ವಿಧಾನವೂ ಇದೆ. ಹೊಲದ ಇಲಿಯಂತಹ ಆಹಾರವು ಅರಸನ ಗ್ರಂಥದಲ್ಲಿ ಸೇರಿರುವುದು ಗಮನಾರ್ಹ.

ಅರಸನು ಮೆತ್ತನೆಯ ಆಸನದಲ್ಲಿ ಕುಳಿತು, ನಾಭಿಯಿಂದ ಮೊಣಕಾಲಿನವರೆಗೆ ಬಿಳಿಯ ವಸ್ತ್ರ ಹರಡಿಕೊಂಡು, ಚಿನ್ನದ ತಟ್ಟೆಯಲ್ಲಿ ಮಕ್ಕಳು ಮತ್ತು ಬಂಧುಗಳ ಪಂಕ್ತಿಯಲ್ಲಿ ಊಟ ಮಾಡಬೇಕೆಂದು ಗ್ರಂಥವು ವಿಧಿಸುತ್ತದೆ.

ತುಲನೆ

ಕೆಂಡ, ಸಲಾಕೆ, ಉಪ್ಪು ಇವಿಷ್ಟನ್ನೇ ಆಧರಿಸಿದ ಮಾಂಸದೂಟ ಇಂದು ಅರ್ಜೆಂಟೀನಾದ ಆಸಾದೊ ಮತ್ತು ಬ್ರೆಜಿಲ್‌ನ ಶುರಾಸ್ಕೊ ಹೆಸರಿನಲ್ಲಿ ಜಗತ್ತಿಗೆ ಪರಿಚಿತ. ಬ್ರೆಜಿಲ್ ಮಾದರಿಯ ಹೋಟೆಲುಗಳಲ್ಲಿ ಮಾಣಿಗಳು ಸಲಾಕೆಯನ್ನೇ ಮೇಜಿನ ಬಳಿಗೆ ತಂದು ಮಾಂಸವನ್ನು ಕೊಯ್ದು ಬಡಿಸುತ್ತಾರೆ. ಅಲ್ಲಿ ಗೋಮಾಂಸವೇ ಪ್ರಧಾನ. ಈ ಎರಡು ಪದ್ಧತಿಗಳ ನಡುವೆ ಚಾರಿತ್ರಿಕ ಸಂಬಂಧವಿಲ್ಲ.

ಆದರೆ ಮೆಣಸಿನಕಾಯಿಯ ವಿಷಯದಲ್ಲಿ ದಕ್ಷಿಣ ಅಮೆರಿಕ ಮತ್ತು ಕರ್ನಾಟಕಕ್ಕೆ ನಿಜವಾದ ನಂಟಿದೆ. ಅಮೆರಿಕ ಖಂಡಗಳ ಈ ಬೆಳೆ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು 16ನೆಯ ಶತಮಾನದಲ್ಲಿ. ಸೋಮೇಶ್ವರನ ಅಡುಗೆಮನೆಯಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿ, ಸಾಸಿವೆಗಳೇ ಇದ್ದವು. ಇಂದು ಬ್ಯಾಡಗಿ ಮೆಣಸಿನಕಾಯಿಗೆ ಹೆಸರಾದ ಕುಂದಗೋಳ, ಸಂಶಿ ಸೀಮೆಯ ಎರೆಹೊಲಗಳಲ್ಲಿ ಆಗ ಆ ಬೆಳೆಯೇ ಇರಲಿಲ್ಲ.

ಉತ್ತರಾಧಿಕಾರ ಮತ್ತು ಮಹತ್ವ

1138ರಲ್ಲಿ ಸೋಮೇಶ್ವರನ ಆಳ್ವಿಕೆ ಕೊನೆಗೊಂಡಿತು. ಅನಂತರ ಮಗ ಇಮ್ಮಡಿ ಜಗದೇಕಮಲ್ಲನು ಪಟ್ಟವೇರಿದನು. ಸಂಗೀತಚೂಡಾಮಣಿ ಈ ಮಗನ ಕೃತಿ. ಆತನ ಬಳಿಕ ಇನ್ನೊಬ್ಬ ಮಗ ಮೂರನೆಯ ತೈಲಪನ ಕಾಲದಲ್ಲಿ ಕಲಚುರಿ ಬಿಜ್ಜಳನು ಕಲ್ಯಾಣವನ್ನು ವಶಪಡಿಸಿಕೊಂಡನು. 12ನೆಯ ಶತಮಾನ ಮುಗಿಯುವ ಹೊತ್ತಿಗೆ ಸಾಮ್ರಾಜ್ಯವೇ ಅಳಿಯಿತು.

ಮಾನಸೋಲ್ಲಾಸವು ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಿಂದ ಸಂಪುಟಗಳಾಗಿ ಪ್ರಕಟವಾಯಿತು. ಕನ್ನಡದ ಹಳೆಯ ಪಾಕಗ್ರಂಥಗಳಾದ ಇಮ್ಮಡಿ ಚಾವುಂಡರಾಯನ ಲೋಕೋಪಕಾರದ ಅಡುಗೆಯ ಭಾಗ ಮತ್ತು ಮೂರನೆಯ ಮಂಗರಸನ ಸೂಪಶಾಸ್ತ್ರ ಸಸ್ಯಾಹಾರಕ್ಕೆ ಸೀಮಿತವಾಗಿವೆ. ಅವುಗಳನ್ನಷ್ಟೇ ಓದಿದವರಿಗೆ ಮಧ್ಯಯುಗದ ಕರ್ನಾಟಕದ ಊಟದ ಅರ್ಧ ಚಿತ್ರ ಮಾತ್ರ ದೊರೆಯುತ್ತದೆ. ಉಳಿದರ್ಧವನ್ನು ತುಂಬಿಕೊಡುವ ಪ್ರಮುಖ ಆಕರ ಸೋಮೇಶ್ವರನ ಗ್ರಂಥ.