ಬೆಳಕನ್ನು ಕನ್ನಡದಲ್ಲಿ ಕರೆದವರು: ಬಿ. ಎಂ. ಶ್ರೀಕಂಠಯ್ಯನವರ ಚರಿತ್ರೆ

ಕೆಲವು ವರ್ಷಗಳ ಕೆಳಗೆ ಕಮಲನಗರದ ಸೀಮೆಯ ಒಂದು ಹಳ್ಳಿಯಲ್ಲಿ, ಸಭೆಯ ವೃದ್ಧಳೊಬ್ಬಳ ಸಮಾಧಿಕಾರ್ಯಕ್ಕೆ ನಾವು ಹೋಗಿದ್ದೆವು. ದೂರದ ಊರಿನಿಂದ ಮಗನು ಬರುವದು ತಡವಾದ್ದರಿಂದ ಹೊತ್ತು ಮುಳುಗಿತ್ತು. ಇದ್ದದ್ದು ಒಂದೇ ಕಂದೀಲು. ಸಭೆಯವರು ರೂಢಿಯ ಕನ್ನಡ ಕೀರ್ತನೆಯನ್ನೂ, ಗಡಿಸೀಮೆಯವರಾದ್ದರಿಂದ ಒಂದು ಮರಾಠಿ ಭಜನೆಯನ್ನೂ ಹಾಡಿ ಮುಗಿಸಿದರು. ಆಮೇಲೆ ಮುದುಕಿಯ ಮೊಮ್ಮಗಳು, ಯಾರೂ ಹೇಳದೆ ತಾನಾಗಿಯೇ, ಶಾಲೆಯಲ್ಲಿ ದಿನಾಲು ಹಾಡುವ ಪ್ರಾರ್ಥನೆಯನ್ನು ಮೆಲ್ಲನೆ ಎತ್ತಿದಳು. ಅದು ‘ಕರುಣಾಳು ಬಾ ಬೆಳಕೆ’ ಎಂಬ ಪದ. ನಡುವೆ ಅವಳ ಗಂಟಲು ಕಟ್ಟಿತು. ಪಕ್ಕದ ಹುಡುಗರು ಅದನ್ನು ಅಲ್ಲಿಂದಲೇ ಎತ್ತಿಕೊಂಡರು. ಹಿಂದೆ ನಿಂತಿದ್ದ ಬೇರೆ ಮತದ ನೆರೆಹೊರೆಯವರೂ ದನಿಗೂಡಿಸಿದರು. ಅವರೂ ಅದೇ ಶಾಲೆಯಲ್ಲಿ ಅದನ್ನೇ ಕಲಿತವರಾಗಿದ್ದರು. ಮುಗಿಯುವ ಹೊತ್ತಿಗೆ ಹುಡುಗಿ ಮತ್ತೆ ಹಾಡುತ್ತಿದ್ದಳು.

ಹಿಂದಿರುಗುವಾಗ ಸಭೆಯ ಹಿರಿಯರೊಬ್ಬರು ಮನಸ್ಸಿಗೆ ಸಮಾಧಾನವಿಲ್ಲದೆ ನಮ್ಮನ್ನು ಪ್ರಶ್ನಿಸಿದರು. ಆ ಪದವು ತಮ್ಮ ಕೈಯಲ್ಲಿರುವ ಕೀರ್ತನೆಯ ಪುಸ್ತಕದಲ್ಲಿಲ್ಲ, ಅದರಲ್ಲಿ ಕರ್ತನ ಹೆಸರಿಲ್ಲ, ಬರೆದವರು ಯಾವ ಮತದವರೋ ತಿಳಿಯದು, ಹೀಗಿರಲು ಸಮಾಧಿಯ ಬಳಿ ಅದನ್ನು ಹಾಡಬಹುದೋ ಎಂಬದು ಅವರ ಪ್ರಶ್ನೆ. ದಾರಿಯಲ್ಲಿ ನಾವು ಕೊಟ್ಟ ಉತ್ತರ ಚಿಕ್ಕದಾಗಿತ್ತು. ಪ್ರಿಯ ವಾಚಕರೇ, ಅದನ್ನು ಈಗ ವಿಸ್ತಾರವಾಗಿ ಬರೆಯುತ್ತೇವೆ. ಅದನ್ನು ತಿಳಿಯಬೇಕಾದರೆ ಆ ಪದವನ್ನು ಕನ್ನಡಕ್ಕೆ ತಂದ ಬಿ. ಎಂ. ಶ್ರೀಕಂಠಯ್ಯನವರ ಚರಿತ್ರೆಯನ್ನು ತಿಳಿಯಬೇಕು.

ಶ್ರೀಕಂಠಯ್ಯನವರು 1884ನೆಯ ಇಸವಿ ಜನವರಿ 3ರಂದು ತುಮಕೂರು ಸೀಮೆಯ ಸಂಪಿಗೆ ಎಂಬ ಗ್ರಾಮದಲ್ಲಿ ಜನಿಸಿದರು. ಬೆಳ್ಳೂರು ಅವರ ಮನೆತನದ ಊರು. ತಂದೆ ಮೈಲಾರಯ್ಯನವರು ವಕೀಲರು. ಬಾಲ್ಯದ ವಿದ್ಯೆ ಶ್ರೀರಂಗಪಟ್ಟಣದಲ್ಲಿ ನಡೆಯಿತು. ಮುಂದೆ ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ ಓದಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷಿನ ಅಧ್ಯಾಪಕರಾದರು. ಜನ್ಮದಿಂದ ಬ್ರಾಹ್ಮಣರು, ಕೊನೆಯವರೆಗೆ ತಮ್ಮ ಹಿರಿಯರ ಮತದಲ್ಲಿಯೇ ಇದ್ದವರು. ಇದನ್ನು ಮುಚ್ಚಿಡುವ ಕಾರಣವೇನೂ ನಮಗಿಲ್ಲ.

ಆ ಕಾಲದಲ್ಲಿ ಇಂಗ್ಲಿಷು ಕಲಿತವರಿಗೆ ಕನ್ನಡವು ಅಡಿಗೆಮನೆಯ ಮಾತಾಗಿತ್ತು. ಕನ್ನಡ ಪಂಡಿತರಿಗಾದರೋ ಹಳಗನ್ನಡವೇ ಕನ್ನಡ. ಇಬ್ಬರ ನಡುವೆ ರೈತನೂ ಕೂಲಿಯವನೂ ಆಡುವ ಮಾತು ದಿಕ್ಕಿಲ್ಲದೆ ನಿಂತಿತ್ತು. 1911ರಲ್ಲಿ ಶ್ರೀಕಂಠಯ್ಯನವರು ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡವು ತಲೆಯೆತ್ತುವ ಬಗೆ ಯಾವದೆಂದು ಉಪನ್ಯಾಸ ಮಾಡಿದರು. ಜನರಿಗೆ ತಿಳಿಯುವ ಹೊಸಗನ್ನಡದಲ್ಲಿ ಬರೆಯಬೇಕು, ಹೊರಗಿನ ಸಾಹಿತ್ಯಗಳಿಂದ ಒಳ್ಳೆಯದನ್ನು ತಂದುಕೊಳ್ಳಬೇಕು ಎಂಬದೇ ಅದರ ತಿರುಳು. ಆಗ ಅವರಿಗೆ ಇಪ್ಪತ್ತೇಳು ವರುಷ.

ಹೇಳಿದ್ದನ್ನು ಅವರು ಮಾಡಿಯೂ ತೋರಿಸಿದರು. ತಾವು ಪಾಠ ಹೇಳುತ್ತಿದ್ದ ಇಂಗ್ಲಿಷು ಕವಿಗಳ ಪದ್ಯಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದರು. ಅವೆಲ್ಲ 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕವಾಗಿ ಹೊರಟವು. ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರವು ಒಂದೇ ಆಗಿರಬೇಕೆಂಬ ನಿಯಮವು ನೂರಾರು ವರುಷಗಳಿಂದ ನಡೆದುಬಂದಿತ್ತು. ಅವರು ಅದನ್ನು ಕೈಬಿಟ್ಟರು. ಮಾತ್ರೆಗಳನ್ನು ಮೂರು, ನಾಲ್ಕು, ಐದರ ಗುಂಪುಗಳಾಗಿ ಹೊಸ ಬಗೆಯಲ್ಲಿ ಜೋಡಿಸಿದರು. ಇದು ಪಂಡಿತರ ಜಗಳವೆಂದು ವಾಚಕರು ಪುಟ ಮಗುಚಬಾರದು. ಹಾಡುವವನಿಗೆ ಇದರಿಂದಲೇ ದಾರಿ ತೆರೆಯಿತು. ನಾವು ಹೇಳುತ್ತಿರುವ ಪದವು ಐದೈದು ಮಾತ್ರೆಗಳ ಗುಂಪಿನಲ್ಲಿ ನಡೆಯುತ್ತದೆ. ಅಕ್ಷರ ಬಾರದವನೂ ತೊಡೆಯ ಮೇಲೆ ತಾಳ ಹಾಕಿ ಎರಡು ಸಲ ಕೇಳಿದರೆ ಅದನ್ನು ಹಿಡಿದುಕೊಳ್ಳಬಲ್ಲನು.

ಆ ಪುಸ್ತಕದ ಪದ್ಯಗಳಲ್ಲಿ ಬಹಳ ಮಂದಿ ಮರೆತವುಗಳೂ ಉಂಟು. ಈ ಒಂದು ಮಾತ್ರ ಕನ್ನಡ ಮಕ್ಕಳ ಬಾಯಲ್ಲಿ ನಿಂತಿತು. ಅದು ಹುಟ್ಟಿದ ಸಂಗತಿಯನ್ನು ತಿಳಿದರೆ, ನಿಂತ ಕಾರಣವೂ ಸ್ವಲ್ಪ ತಿಳಿದೀತು.

ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲೆಂಡಿನ ಪಾದ್ರಿಗಳು. ಅವರು 1801ರಲ್ಲಿ ಲಂಡನಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಬೋಧಕರಾಗಿದ್ದರು. 1832ರ ಕೊನೆಯಲ್ಲಿ ಸ್ನೇಹಿತರ ಸಂಗಡ ತೆಂಕಣ ಯೂರೋಪಿಗೆ ಪ್ರಯಾಣ ಮಾಡಿದರು. ಸ್ನೇಹಿತರು ಊರಿಗೆ ತಿರುಗಿದರು. ನ್ಯೂಮನ್ನರು ಒಬ್ಬರೇ ಸಿಸಿಲಿ ದ್ವೀಪಕ್ಕೆ ಮತ್ತೆ ಹೋದರು. ಅಲ್ಲಿ ಅವರಿಗೆ ಕಠಿಣವಾದ ಜ್ವರ ಹಿಡಿಯಿತು. ಬದುಕುವ ನಂಬಿಗೆ ಉಳಿಯಲಿಲ್ಲ. ಭಾಷೆ ಬೇರೆ, ದೇಶ ಬೇರೆ. ಹತ್ತಿರವಿದ್ದವನು ನೇಪಲ್ಸಿನ ಕಡೆಯ ಒಬ್ಬ ಆಳು ಮಾತ್ರ. ಜ್ವರ ಇಳಿದ ಮೇಲೆ ಅವರು ಹಾಸಿಗೆಯ ಮೇಲೆ ಕುಳಿತು ಅತ್ತರಂತೆ. ಆಳು ಯಾಕೆಂದು ಕೇಳಿದ್ದಕ್ಕೆ, ಇಂಗ್ಲೆಂಡಿನಲ್ಲಿ ತನಗೆ ಮಾಡುವ ಕೆಲಸ ಉಂಟೆಂದು ಮಾತ್ರ ಹೇಳಿದರು. ಮನೆಗೆ ಹೋಗಬೇಕೆಂಬ ತವಕವಿದ್ದರೂ ಹಡಗು ಸಿಕ್ಕಲಿಲ್ಲ. ಮೂರು ವಾರ ಕಾದ ತರುವಾಯ ಕಿತ್ತಳೆ ಹಣ್ಣುಗಳನ್ನು ಸಾಗಿಸುವ ಒಂದು ದೋಣಿ ದೊರೆಯಿತು. ಅದೂ ಬೋನಿಫಾಚಿಯೊ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಒಂದು ವಾರ ನಿಂತುಬಿಟ್ಟಿತು. ಆ ಪ್ರಯಾಣದಲ್ಲಿ, 1833ರ ಜೂನ್ 16ರಂದು, ಮೂರು ಚರಣಗಳ ಆ ಪದ್ಯವನ್ನು ಬರೆದರು. ಅವರು ಅದಕ್ಕೆ ಇಟ್ಟ ಹೆಸರು ಮೇಘಸ್ತಂಭ. ವಿಮೋಚನಕಾಂಡವನ್ನು ಓದಿದ ನಮ್ಮ ವಾಚಕರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಹಗಲು ಮೇಘವಾಗಿಯೂ ಇರುಳು ಬೆಂಕಿಯಾಗಿಯೂ ಅರಣ್ಯದಲ್ಲಿ ಮುಂದೆ ನಡೆದ ಆ ಸ್ತಂಭವೇ ಅದು. ಕರ್ತನ ಹೆಸರನ್ನು ಹುಡುಕಿದ ನಮ್ಮ ಹಿರಿಯರಿಗೆ ಉತ್ತರದ ಒಂದು ಪಾಲು ಇಲ್ಲಿಯೇ ಉಂಟು.

ಇನ್ನೊಂದು ಸಂಗತಿಯನ್ನೂ ಹೇಳದೆ ಬಿಡಲಾರೆವು. ನ್ಯೂಮನ್ನರು 1845ರಲ್ಲಿ ತಮ್ಮ ಸಭೆಯನ್ನು ಬಿಟ್ಟು ರೋಮನ್ ಕಥೋಲಿಕ ಸಭೆಗೆ ಸೇರಿದರು, 1879ರಲ್ಲಿ ಕಾರ್ಡಿನಲ್ ಆದರು, 1890ರಲ್ಲಿ ತೀರಿಕೊಂಡರು, 2019ರಲ್ಲಿ ಆ ಸಭೆಯು ಅವರನ್ನು ಸಂತರೆಂದು ಸಾರಿತು. ಅವರು ಹಿಡಿದ ದಾರಿ ನಮ್ಮದಲ್ಲ. ಆದರೂ ಇಂಗ್ಲೆಂಡಿನ ಪ್ರೊಟೆಸ್ಟಂಟ್ ಸಭೆಗಳು ಅವರ ಪದವನ್ನು ಬಿಡಲಿಲ್ಲ. ದಾರಿ ತೋರು ಎಂದು ಬೇಡಿದವನು ಮುಂದೆ ಎಲ್ಲಿಗೆ ಹೋದನೆಂಬದರಿಂದ ಆ ಬೇಡಿಕೆಯು ಸುಳ್ಳಾಗುವದಿಲ್ಲವೆಂದು ಅವರು ತಿಳಿದಿರಬೇಕು. ನಾವೂ ಹಾಗೆಯೇ ತಿಳಿದಿದ್ದೇವೆ.

ಆ ಪದ್ಯವನ್ನು ನ್ಯೂಮನ್ನರು ಹಾಡುವದಕ್ಕಾಗಿ ಬರೆದದ್ದಲ್ಲ. ಅದು ಒಂಟಿ ಮನುಷ್ಯನೊಬ್ಬನು ತನ್ನೊಳಗೆ ಆಡಿಕೊಂಡ ಮಾತು. 1865ರಲ್ಲಿ ಜಾನ್ ಬ್ಯಾಕಸ್ ಡೈಕ್ಸ್ ಎಂಬ ಪಾದ್ರಿಗಳು ಅದಕ್ಕೆ ನಾಲ್ಕು ದನಿಗಳ ರಾಗವನ್ನು ಕಟ್ಟಿದರು. ಹೆಂಗಸರ ದನಿ ಮೇಲೆ, ಗಂಡಸರ ದನಿ ಕೆಳಗೆ, ನಡುವೆ ಮತ್ತೆರಡು, ಹೀಗೆ ನಾಲ್ಕೂ ಬೇರೆಬೇರೆಯಾಗಿ ನಡೆದು ಸಾಲಿನ ಕೊನೆಗೆ ಒಂದುಗೂಡುವದು ಅಂಥ ಹಾಡಿಕೆಯ ಕ್ರಮ. ಆಮೇಲೆ ಅದು ಒಬ್ಬನ ಮಾತಾಗಿ ಉಳಿಯಲಿಲ್ಲ. ಆ ಪದ ಲೋಕಪ್ರಿಯವಾದದ್ದು ತನ್ನ ಮಾತುಗಳಿಂದಲ್ಲ, ಡೈಕ್ಸರ ರಾಗದಿಂದ ಎಂದು ನ್ಯೂಮನ್ನರೇ ಮುಪ್ಪಿನಲ್ಲಿ ಒಪ್ಪಿಕೊಂಡರು. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧ ಮಾತ್ರ ನಿಜ. ರಾಗವು ಜನರನ್ನು ಕೂಡಿಸಿತು. ಕೂಡಿದವರಿಗೆ ಇರುಳಿನಲ್ಲಿ ಹೇಳುವದಕ್ಕೆ ಒಂದು ಮಾತೂ ಬೇಕಾಗಿತ್ತು.

ಆ ಇರುಳು ಎಂಥದಿರಬಹುದೆಂಬದಕ್ಕೆ ಒಂದು ನಿದರ್ಶನ ಕೊಡುವೆವು. ಇಂಗ್ಲೆಂಡಿನ ಡರ್ಹಮ್ ಸೀಮೆಯ ಸ್ಟ್ಯಾನ್ಲಿ ಎಂಬ ಊರಿನಲ್ಲಿ ಕಲ್ಲಿದ್ದಲಿನ ಗಣಿಯೊಂದಿತ್ತು. 1909ರ ಫೆಬ್ರುವರಿ 16ರಂದು ಅದು ಸಿಡಿದು 168 ಮಂದಿ ಗಂಡಸರೂ ಹುಡುಗರೂ ಸತ್ತರು. ಒಂದು ಮೂಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಜನರು ಬದುಕಿ ಸಿಕ್ಕಿಕೊಂಡಿದ್ದರು. ಕೆಲವರು ತಾಳಲಾರದೆ ಹೊರಗೆ ಹೊರಟು ವಿಷವಾಯುವಿಗೆ ಸಿಕ್ಕಿ ಸತ್ತರು. ಉಳಿದವರು ಕತ್ತಲೆಯಲ್ಲಿ ಕುಳಿತರು. ಅವರಲ್ಲಿ ಒಬ್ಬನು ನ್ಯೂಮನ್ನರ ಪದವನ್ನು ಗುನುಗಲಾರಂಭಿಸಿದನು. ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ಹಾಡು ಮುಗಿಯುವದರೊಳಗೆ ಗಾಯಪಟ್ಟಿದ್ದ ಹುಡುಗನೊಬ್ಬನು ಪ್ರಾಣಬಿಟ್ಟನು. ಸುಮಾರು ಹದಿನಾಲ್ಕು ತಾಸುಗಳ ಮೇಲೆ ಅಲ್ಲಿಂದ 26 ಮಂದಿಯನ್ನು ಜೀವಸಹಿತ ಹೊರಗೆ ತೆಗೆದರು. ಹಾಡು ಅವರಿಗೆ ಗಾಳಿಯನ್ನು ಕೊಡಲಿಲ್ಲ, ಬಾಗಿಲನ್ನು ತೆರೆಯಲಿಲ್ಲ. ಕುಳಿತಿರುವದಕ್ಕೆ ಬಲ ಕೊಟ್ಟಿತು. ಎದ್ದು ಓಡಿದವರು ಸತ್ತಿದ್ದರು.

ಕೂಡಿ ಹಾಡುವವರೆಲ್ಲರೂ ಒಂದೇ ಕಡೆ ಉಸಿರು ಎಳೆಯುವರು, ಒಂದೇ ಕಡೆ ಬಿಡುವರು. ಒಬ್ಬನ ದನಿ ನಿಂತರೆ ಹಾಡು ನಿಲ್ಲದು. ಅವನು ಕಣ್ಣೊರಸಿಕೊಂಡು ಮುಂದಿನ ಸಾಲಿನಲ್ಲಿ ಸೇರಿಕೊಳ್ಳಬಹುದು. ನಮ್ಮ ಮುದುಕಿಯ ಸಮಾಧಿಯ ಬಳಿ ನಡೆದದ್ದೂ ಅದೇ.

ಸಮುದ್ರದಾಚೆಯ ಈ ಪದವು ನಮ್ಮ ದೇಶದವರ ಮನಸ್ಸಿಗೆ ಇಳಿದ ಬಗೆಯೂ ಕೇಳತಕ್ಕದ್ದು. 1908ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಲ್ಲಿ ಗಾಂಧಿಯವರನ್ನು ಕೆಲವರು ಬೀದಿಯಲ್ಲಿ ಹೊಡೆದು ಕೆಡವಿದರು. ಜೋಸೆಫ್ ಡೋಕ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿಗಳು ಅವರನ್ನು ಸ್ವಂತ ಮನೆಗೆ ಕರೆದೊಯ್ದು ಉಪಚರಿಸಿದರು. ಗಾಂಧಿಯವರು ಪಾದ್ರಿಗಳ ಚಿಕ್ಕ ಮಗಳಾದ ಆಲಿವ್‌ಳಿಂದ ಈ ಪದವನ್ನು ಹಾಡಿಸಿದರು. ಮನೆಯವರೆಲ್ಲ ಬಾಗಿಲ ಹತ್ತಿರ ಸದ್ದಿಲ್ಲದೆ ನಿಂತು ಕೇಳಿದರು. ಸುಮಾರು ಹದಿನೈದು ವರ್ಷಗಳ ಮೇಲೆ ಆ ದಿನಗಳ ಚರಿತ್ರೆಯನ್ನು ಬರೆಯಿಸುವಾಗ, ಆ ಹುಡುಗಿಯ ದನಿ ಇನ್ನೂ ತಮ್ಮ ಕಿವಿಯಲ್ಲಿದೆಯೆಂದು ಅವರು ತಿಳಿಸಿದರು. ಅವರ ಆಶ್ರಮದಲ್ಲಿ ನರಸಿಂಹರಾವ್ ದಿವೇಟಿಯಾ ಅವರು ಗುಜರಾತಿಯಲ್ಲಿ ಮಾಡಿದ ರೂಪವನ್ನು ಹಾಡುತ್ತಿದ್ದರು.

ಕನ್ನಡದಲ್ಲಿ ಶ್ರೀಕಂಠಯ್ಯನವರು ಮಾಡಿದ್ದು ಮಾತಿಗೆ ಮಾತು ಇಟ್ಟ ಕೆಲಸವಲ್ಲ. ಇಂಗ್ಲಿಷಿನ ಪದವು ನಡೆಸು ಎಂಬ ಅರ್ಥದ ಮಾತಿನಿಂದ ಆರಂಭವಾಗುತ್ತದೆ. ಕನ್ನಡದ ಪದವು ಬಾ ಎಂದು ಕರೆಯುತ್ತದೆ. ನಡೆಸುವ ಮಾತು ಆಮೇಲೆ. ನಮ್ಮ ಜನರು ತಾಯಿಯನ್ನೂ ದೇವರನ್ನೂ ಕರೆಯುವ ಮಾತು ಬಾ ಎಂಬದೇ. ಮೂಲದಲ್ಲಿ ಬೆಳಕು ಮುಂದೆ ಮುಂದೆ ಹೋಗುತ್ತದೆ; ಕನ್ನಡದಲ್ಲಿ ಅದು ಕೈಯನ್ನೂ ಹಿಡಿಯಬೇಕು. ಇರುಳಿನಲ್ಲಿ ಹೊಲದ ಬದುವಿನ ಮೇಲೆ ಮಗುವನ್ನು ನಡೆಸಿಕೊಂಡು ಬಂದವರಿಗೆ ಈ ಭೇದವು ಚೆನ್ನಾಗಿ ತಿಳಿಯುವದು. ಡೈಕ್ಸರ ರಾಗವನ್ನೂ ಅವರು ತರಲಿಲ್ಲ. ಐದು ಮಾತ್ರೆಯ ನಡಿಗೆಗೆ ಅದು ಹೊಂದದು. ಆದ್ದರಿಂದ ಒಂದೊಂದು ಶಾಲೆ ತನಗೆ ಬಂದ ಧಾಟಿಯಲ್ಲಿ ಹಾಡಿಕೊಂಡಿತು. ಇದು ನಷ್ಟವೆಂದು ಕೆಲವು ಸಂಗೀತಗಾರರು ಹೇಳಿಯಾರು. ನಾವು ಹಾಗೆ ಎಣಿಸುವದಿಲ್ಲ.

ಅವರ ಉಳಿದ ಜೀವಿತವನ್ನು ಬೇಗ ಹೇಳಿ ಮುಗಿಸುವೆವು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾಗುವದಕ್ಕೆ ಅವರು ದುಡಿದರು. ಹೊಸ ಕವಿಗಳನ್ನು ಬೆನ್ನುತಟ್ಟಿ ಬರೆಯಿಸಿದ್ದರಿಂದ ಜನರು ಅವರನ್ನು ಕನ್ನಡದ ಕಣ್ವರೆಂದು ಕರೆದರು. ಗ್ರೀಕ್ ದುರಂತ ನಾಟಕಗಳ ರೀತಿಯನ್ನು ಕನ್ನಡಕ್ಕೆ ತಂದರು. 1929ರ ‘ಅಶ್ವತ್ಥಾಮನ್’ ಅವುಗಳಲ್ಲಿ ಒಂದು.

ನಮ್ಮ ಸೀಮೆಯವರು ನೆನಪಿಡಬೇಕಾದ ವರ್ಷವು 1928. ಆ ವರ್ಷ ಹದಿನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನವು ಕಲಬುರಗಿಯಲ್ಲಿ ಕೂಡಿತು, ಶ್ರೀಕಂಠಯ್ಯನವರೇ ಅಧ್ಯಕ್ಷರು. ಕಲಬುರಗಿಯೂ ಬೀದರವೂ ಕಮಲನಗರವೂ ಆಗ ನಿಜಾಮರ ರಾಜ್ಯದಲ್ಲಿದ್ದವು. ಕಚೇರಿಯೂ ಮೇಲಿನ ವಿದ್ಯೆಯೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ಮರಾಠಿಯನ್ನೂ ಆಡುವ ಹುಡುಗನಿಗೆ ಪುಸ್ತಕದಲ್ಲಿ ತನ್ನ ಮಾತು ಕಾಣುವದು ಅಪರೂಪವಾಗಿತ್ತು. ಅಂಥ ನಾಡಿಗೆ ಕನ್ನಡದ ಸಭೆಯನ್ನು ನಡೆಸಲು ಅವರು ಬಂದರು. 1948ರಲ್ಲಿ ಆ ರಾಜ್ಯವು ಭಾರತಕ್ಕೆ ಸೇರಿತು. 1956ರಲ್ಲಿ ನಮ್ಮ ಸೀಮೆ ಕನ್ನಡ ನಾಡಿನೊಂದಿಗೆ ಕೂಡಿತು. ಅವರು ಇವೆರಡನ್ನೂ ಕಾಣಲಿಲ್ಲ. ಕೊನೆಯ ಕಾಲದಲ್ಲಿ ಧಾರವಾಡದ ಒಂದು ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋಗಿದ್ದು, 1946ರ ಜನವರಿ 5ರಂದು, ಅರುವತ್ತೆರಡು ತುಂಬಿದ ಎರಡು ದಿನಗಳ ಮೇಲೆ, ಅಲ್ಲಿಯೇ ತೀರಿಕೊಂಡರು. ಮೂವತ್ತೈದು ವರ್ಷಗಳ ಹಿಂದೆ ಕನ್ನಡವು ತಲೆಯೆತ್ತಬೇಕೆಂದು ಅವರು ಮಾತಾಡಿದ ಊರೇ ಅದು.

ಇಷ್ಟನ್ನು ನಾವು ಆ ಹಿರಿಯರಿಗೆ ಮುಂದಿನ ಭೇಟಿಯಲ್ಲಿ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ದೋಣಿ ನಿಂತ ಸಂಗತಿಯನ್ನು ಇನ್ನೊಮ್ಮೆ ಕೇಳಿದರು. ಆಮೇಲೆ ಮುದುಕಿಯ ಮೊಮ್ಮಗಳನ್ನು ಕರೆದು, ಬುಧವಾರದ ಪ್ರಾರ್ಥನೆಗೆ ಬರುವ ಹೆಂಗಸರಿಗೆ ಆ ಪದವನ್ನು ಕಲಿಸೆಂದರು. ಕಲಿಯುವವರಲ್ಲಿ ತಾವೂ ಕುಳಿತರು. ಹಿಂದೆ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಲು ಹಟ ಹಿಡಿದೆನೆಂದು ಹಾಡುವವನು ಒಪ್ಪಿಕೊಳ್ಳುವ ನಡುವಿನ ಚರಣದಲ್ಲಿ ಅವರು ಈಗಲೂ ತಪ್ಪುತ್ತಾರೆ. ಹುಡುಗಿಯು ತಾಳ ನಿಲ್ಲಿಸಿ, ಅಜ್ಜಾ, ಇನ್ನೊಮ್ಮೆ ಎಂದು ಅಲ್ಲಿಂದ ತಿರುಗಿ ಹಾಡಿಸುತ್ತಾಳೆ.