ಎರಡು ವಿದ್ಯಾರ್ಥಿವೇತನಗಳು ರೂಪಿಸಿದ ಬದುಕು: ಡಾ. ರಾಜೇಶ್ವರಿ ಚಟರ್ಜಿ

ಸಾಗರ: ಅಡಿಕೆ ಕೊಯ್ಲು ಮುಗಿದು ಅಂಗಳದ ಚಪ್ಪರ ಖಾಲಿಯಾಗುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೆಲವು ಮನೆಗಳಲ್ಲಿ ಮತ್ತೊಂದು ಬಗೆಯ ಕಾಯುವಿಕೆ ಆರಂಭವಾಗುತ್ತದೆ. ವಿದೇಶಿ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕಿದ ಮಗನೋ ಮಗಳೋ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರದ ದಾರಿ ಕಾಯುತ್ತಾರೆ. ಪ್ರವೇಶ ದೊರೆತರೆ ಸಾಲದು, ಹಣ ಎಲ್ಲಿಂದ ಎಂಬ ಪ್ರಶ್ನೆ ಎದುರಾಗುತ್ತದೆ. ಒಂದು ವಿಶ್ವವಿದ್ಯಾನಿಲಯ ಶುಲ್ಕದಲ್ಲಿ ಅರ್ಧ ಮನ್ನಾ ಮಾಡುತ್ತದೆ, ಮತ್ತೊಂದು ಪಾಠ ಹೇಳುವ ಕೆಲಸ ಕೊಟ್ಟು ಖರ್ಚು ಭರಿಸುತ್ತದೆ, ಮಗದೊಂದು ಬರಿಯ ಸೀಟು ಕೊಟ್ಟು ಸುಮ್ಮನಾಗುತ್ತದೆ. ತೋಟದ ಪಹಣಿ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತಬೇಕೇ ಬೇಡವೇ ಎಂದು ಹಿರಿಯರು ಲೆಕ್ಕ ಹಾಕುವ ದಿನಗಳಿವು. ಹಣಕಾಸಿನ ನೆರವಿನೊಂದಿಗೆ ಬಂದ ಪ್ರವೇಶಕ್ಕೆ ಏಪ್ರಿಲ್ 15ರವರೆಗೆ ಉತ್ತರಿಸಲು ಅಮೆರಿಕದ ಬಹುಪಾಲು ವಿಶ್ವವಿದ್ಯಾನಿಲಯಗಳು ಕಾಲಾವಕಾಶ ನೀಡುತ್ತವೆ. ಹೀಗಾಗಿ ಅಂತಿಮ ನಿರ್ಧಾರವೂ ಆ ದಿನದವರೆಗೆ ತೂಗಾಡುತ್ತಿರುತ್ತದೆ.

ಇಂಥ ದಿನಗಳಲ್ಲಿ ನೆನೆಯಬೇಕಾದ ಹೆಸರೊಂದಿದೆ. ಅದು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಗುರುತಿಸಲ್ಪಡುವ ಡಾ. ರಾಜೇಶ್ವರಿ ಚಟರ್ಜಿ ಅವರದು. ಇಂದಿಗೆ ಎಂಟು ದಶಕಗಳ ಹಿಂದೆ, ವಿಮಾನದಲ್ಲಲ್ಲ, ಸೈನಿಕರನ್ನು ಸಾಗಿಸುತ್ತಿದ್ದ ಹಡಗಿನಲ್ಲಿ ಅಮೆರಿಕಕ್ಕೆ ತೆರಳಿದ ಕನ್ನಡತಿ ಅವರು. ಒಂದಲ್ಲ, ಎರಡು ವಿದ್ಯಾರ್ಥಿವೇತನಗಳು ಅವರ ಬದುಕನ್ನು ರೂಪಿಸಿದವು. ಆ ಎರಡರ ಸ್ವರೂಪ ಬೇರೆ ಬೇರೆಯಾಗಿತ್ತು ಎಂಬುದು ಇಂದಿನ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಅಜ್ಜಿಯ ನೆರಳಿನಲ್ಲಿ

ರಾಜೇಶ್ವರಿ ಜನಿಸಿದ್ದು 1922ರ ಜನವರಿ 24ರಂದು. ತಂದೆ ಬಿ.ಎಂ. ಶಿವರಾಮಯ್ಯ ನಂಜನಗೂಡಿನಲ್ಲಿ ವಕೀಲರಾಗಿದ್ದರು. ಅಜ್ಜಿ ಕಮಲಮ್ಮ ದಾಸಪ್ಪ ಅವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರಿಗೆ ಮತ್ತು ಗಂಡ ಕೈಬಿಟ್ಟ ಹೆಣ್ಣುಮಕ್ಕಳಿಗೆ ಶಿಕ್ಷಣ ಕೊಡಿಸುವ ಕೆಲಸದಲ್ಲಿ ತೊಡಗಿದ್ದವರು. ಹುಡುಗಿಯರನ್ನು ಶಾಲೆಗೆ ಕಳುಹಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಅಂಥ ಅಜ್ಜಿಯಿದ್ದ ಮನೆಯಲ್ಲಿ ಓದಿಗೆ ಅಡ್ಡಿಯಿರಲಿಲ್ಲ. ರಾಜೇಶ್ವರಿ ಅವರ ಆರಂಭಿಕ ವಿದ್ಯಾಭ್ಯಾಸ ನಡೆದದ್ದು ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ.

ಬಾಲ್ಯದಲ್ಲಿ ಇತಿಹಾಸದತ್ತ ಒಲವಿದ್ದರೂ ಕೊನೆಗೆ ಅವರು ಆರಿಸಿಕೊಂಡದ್ದು ವಿಜ್ಞಾನ ಮತ್ತು ಗಣಿತವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಮೈಸೂರು ವಿಶ್ವವಿದ್ಯಾನಿಲಯದ ಅಧೀನದಲ್ಲಿತ್ತು. ಅಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್ ಹಾಗೂ ಎಂ.ಎಸ್ಸಿ. ಪದವಿಗಳನ್ನು ಪಡೆದ ಅವರು ವಿಶ್ವವಿದ್ಯಾನಿಲಯಕ್ಕೇ ಮೊದಲಿಗರಾದರು. ಎಂ.ಟಿ. ನಾರಾಯಣ ಅಯ್ಯಂಗಾರ್ ಬಹುಮಾನ ಅವರ ಪಾಲಾಯಿತು.

1943ರಲ್ಲಿ, 21ರ ವಯಸ್ಸಿನಲ್ಲಿ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಜನರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿನ ವಿದ್ಯುತ್ ತಂತ್ರಜ್ಞಾನ ವಿಭಾಗದಲ್ಲಿ ಸಂಪರ್ಕ ತಂತ್ರಜ್ಞಾನದ ಸಂಶೋಧನಾ ವಿದ್ಯಾರ್ಥಿನಿಯಾದರು. ನಮ್ಮ ಶರಾವತಿ ಕಣಿವೆಯಲ್ಲಿ ಜೋಗದ ವಿದ್ಯುದಾಗಾರದ ಕಾಮಗಾರಿ ನಡೆಯುತ್ತಿದ್ದ ಕಾಲವದು. ಮಲೆನಾಡಿನ ಹಳ್ಳಿಗಳು ಸೀಮೆಎಣ್ಣೆ ದೀಪದ ಬೆಳಕಿನಲ್ಲಿದ್ದಾಗ ಈ ತರುಣಿ ರೇಡಿಯೋ ತರಂಗಗಳ ಲೆಕ್ಕದಲ್ಲಿ ಮುಳುಗಿದ್ದರು.

ಹತ್ತು ವರ್ಷಗಳ ಹಿಂದಿನ ಬಾಗಿಲು

ಆ ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೆ ತಾನಾಗಿಯೇ ತೆರೆದದ್ದಲ್ಲ. ರಾಜೇಶ್ವರಿ ಅಲ್ಲಿಗೆ ಕಾಲಿಡುವ ಹತ್ತು ವರ್ಷ ಮೊದಲು, 1933ರಲ್ಲಿ, ಬೊಂಬಾಯಿಯ ಕಮಲಾ ಭಾಗವತ್ ಅದೇ ಸಂಸ್ಥೆಗೆ ಅರ್ಜಿ ಹಾಕಿದ್ದರು. ಅವರು ಬೊಂಬಾಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರು. ಆದರೂ ಹೆಣ್ಣೆಂಬ ಕಾರಣಕ್ಕೆ ಅಂದಿನ ನಿರ್ದೇಶಕ ಸರ್ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಕಮಲಾ ಹಿಂದಿರುಗಲಿಲ್ಲ. ಗಾಂಧೀಜಿಯ ದಾರಿ ಹಿಡಿದು ಸತ್ಯಾಗ್ರಹಕ್ಕೆ ನಿಂತರು. ಕೊನೆಗೆ ಒಂದು ವರ್ಷದ ಪರೀಕ್ಷಾರ್ಥ ಅವಧಿಯ ಷರತ್ತಿನೊಡನೆ ಪ್ರವೇಶ ದೊರೆಯಿತು. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಅವರು ಮಾಡಿದ ಕೆಲಸ ಕಂಡು ರಾಮನ್ ಮನಸ್ಸು ಬದಲಿಸಿದರು. ಆ ಬಳಿಕ ಇತರ ಹೆಣ್ಣುಮಕ್ಕಳಿಗೂ ದಾರಿಯಾಯಿತು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಅವರು ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದರು.

ಹೀಗೆ ಒಬ್ಬರು ಕಾದು, ಹಟ ಹಿಡಿದು ತೆರೆಸಿದ ಬಾಗಿಲಿನಿಂದ ಮತ್ತೊಬ್ಬರು ಒಳಹೋದರು. ಪ್ರತಿಭೆಯ ಜೊತೆಗೆ ಹಿಂದಿನವರ ಋಣವೂ ಪ್ರವೇಶಪತ್ರದಲ್ಲಿ ಅಡಗಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮೊದಲನೆಯ ನೆರವು: ಸರ್ಕಾರದ್ದು

ಎರಡನೆಯ ಮಹಾಯುದ್ಧ ಮುಗಿದಿತ್ತು. ಬ್ರಿಟಿಷರಿಂದ ಭಾರತೀಯರಿಗೆ ಅಧಿಕಾರ ಹಸ್ತಾಂತರವಾಗುವ ಸಿದ್ಧತೆ ನಡೆದಿತ್ತು. ಹೊಸ ದೇಶಕ್ಕೆ ಬೇಕಾದ ವಿಜ್ಞಾನಿಗಳನ್ನೂ ತಂತ್ರಜ್ಞರನ್ನೂ ತಯಾರು ಮಾಡಲು ದೆಹಲಿಯ ಸರ್ಕಾರ ಪ್ರತಿಭಾವಂತ ಯುವಕ ಯುವತಿಯರನ್ನು ಹೊರದೇಶಗಳಿಗೆ ಕಳುಹಿಸುವ ಯೋಜನೆ ರೂಪಿಸಿತು. ರಾಜೇಶ್ವರಿ ಎಲೆಕ್ಟ್ರಾನಿಕ್ಸ್ ಮತ್ತು ಅದರ ಅನ್ವಯಗಳ ವಿಷಯದಲ್ಲಿ ಅರ್ಜಿ ಸಲ್ಲಿಸಿದರು. 1946ರಲ್ಲಿ ವಿದ್ಯಾರ್ಥಿವೇತನ ಮಂಜೂರಾಯಿತು.

ಆದರೆ ಹಡಗು ಹತ್ತಿದ್ದು 1947ರಲ್ಲಿ. ಮಂಜೂರಾತಿಗೂ ಪ್ರಯಾಣಕ್ಕೂ ನಡುವೆ ತಿಂಗಳುಗಳೇ ಉರುಳಿದ್ದವು. ಇಂದಿನಂತೆ ಕ್ಷಣಮಾತ್ರದಲ್ಲಿ ಉತ್ತರ ತಲುಪಿಸುವ ಮಿಂಚಂಚೆ ಆಗಿರಲಿಲ್ಲ. ಯುದ್ಧದ ನಂತರದ ದಿನಗಳಲ್ಲಿ ಸಮುದ್ರಯಾನವೂ ಸುಲಭವಾಗಿರಲಿಲ್ಲ. ಅವರು ಪ್ರಯಾಣಿಸಿದ ಎಸ್.ಎಸ್. ಮರೀನ್ ಆಡರ್ ಎಂಬ ಹಡಗು ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಿ ಬಳಿಕ ಪ್ರಯಾಣಿಕರಿಗಾಗಿ ಮಾರ್ಪಾಡಾದದ್ದು. ಸ್ಯಾನ್‌ಫ್ರಾನ್ಸಿಸ್ಕೋ ತಲುಪಲು 30 ದಿನ ಹಿಡಿಯಿತು. ಅಲ್ಲಿಂದ ಅವರು ಆನ್ ಆರ್ಬರ್ ನಗರದ ಮಿಷಿಗನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಮದುವೆಯಾಗದ 25 ವರ್ಷದ ತರುಣಿಯೊಬ್ಬಳು ಓದಿಗಾಗಿ ಸಾಗರ ದಾಟುವುದು ಆ ಕಾಲದ ಮೈಸೂರು ಸೀಮೆಯಲ್ಲಿ ತೀರಾ ವಿರಳವಾದ ಸಂಗತಿಯಾಗಿತ್ತು.

ಸರ್ಕಾರದ ಹಣ ದೊಡ್ಡ ಆಸರೆ ನಿಜ. ಆದರೆ ಅದಕ್ಕೊಂದು ಕಟ್ಟುಪಾಡೂ ಇತ್ತು. ದೇಶಕ್ಕೆ ಬೇಕಾದ ವಿಷಯದಲ್ಲಿ ಓದಬೇಕು, ಓದಿನ ಬಳಿಕ ಪ್ರಾಯೋಗಿಕ ತರಬೇತಿಯನ್ನೂ ಮುಗಿಸಬೇಕು. ಅದರಂತೆ ರಾಜೇಶ್ವರಿ 1949ರ ಆರಂಭದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ವಾಷಿಂಗ್ಟನ್ನಿಗೆ ತೆರಳಿದರು. ಅಲ್ಲಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಅಳತೆ ಮಾನಕಗಳ ಸಂಸ್ಥೆಯಲ್ಲಿ, ರೇಡಿಯೋ ಆವರ್ತನಗಳನ್ನು ಅಳೆಯುವ ವಿಭಾಗದಲ್ಲಿ ಎಂಟು ತಿಂಗಳ ತರಬೇತಿ ಪಡೆದರು.

ಎರಡನೆಯ ನೆರವು: ವಿಶ್ವವಿದ್ಯಾನಿಲಯದ್ದು

ಇಲ್ಲಿಗೆ ಅವರ ಓದು ಮುಗಿಯಬಹುದಿತ್ತು. ಸ್ನಾತಕೋತ್ತರ ಪದವಿ ಕೈಯಲ್ಲಿತ್ತು, ತರಬೇತಿಯೂ ಪೂರ್ಣವಾಗಿತ್ತು. ಹಾಗೆಯೇ ಮರಳಿದ್ದರೆ ಒಳ್ಳೆಯ ಹುದ್ದೆಗೆ ಅಷ್ಟು ಸಾಕಿತ್ತು. ಆದರೆ ಡಾಕ್ಟರೇಟ್ ದೂರವೇ ಉಳಿಯುತ್ತಿತ್ತು.

ಆಗ ಕೈಹಿಡಿದದ್ದು ಬಾರ್ಬರ್ ವಿದ್ಯಾರ್ಥಿವೇತನ. ಇದನ್ನು ನೀಡಿದ್ದು ಸ್ವತಃ ಮಿಷಿಗನ್ ವಿಶ್ವವಿದ್ಯಾನಿಲಯ. ಅದರ ಆಡಳಿತ ಮಂಡಳಿಯಲ್ಲಿದ್ದ ಲೀವೈ ಬಾರ್ಬರ್ ಎಂಬ ವಕೀಲರು ಏಷ್ಯಾ ಖಂಡದ ಪ್ರವಾಸದಲ್ಲಿದ್ದಾಗ, ಅದೇ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಓದಿ ತಮ್ಮ ನಾಡಿಗೆ ಮರಳಿ ಸೇವೆಯಲ್ಲಿದ್ದ ಮಹಿಳೆಯರನ್ನು ಕಂಡರು. ಅಂಥವರ ಸಂಖ್ಯೆ ಹೆಚ್ಚಲೆಂಬ ಆಶಯದಿಂದ ಅವರು ಕೊಟ್ಟ ದತ್ತಿಯೇ ಏಷ್ಯಾದ ಮಹಿಳೆಯರಿಗೆ ಮೀಸಲಾದ ಈ ವಿದ್ಯಾರ್ಥಿವೇತನವಾಯಿತು. 1917ರಲ್ಲಿ ಅದು ವಿಧಿವತ್ತಾಗಿ ಸ್ಥಾಪನೆಯಾಯಿತು. ನಮ್ಮ ನೆರೆಯ ತಲಶ್ಶೇರಿಯ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಸಹ ಇದೇ ನೆರವಿನಿಂದ ಮಿಷಿಗನ್‌ನಲ್ಲಿ ಓದಿ 1931ರಲ್ಲಿ ಡಾಕ್ಟರೇಟ್ ಪಡೆದವರು.

1949ರಲ್ಲಿ ರಾಜೇಶ್ವರಿ ಬಾರ್ಬರ್ ವಿದ್ಯಾರ್ಥಿನಿಯಾಗಿ ಆನ್ ಆರ್ಬರ್‌ಗೆ ಹಿಂದಿರುಗಿದರು. ನಿರ್ವಾತ ನಳಿಕೆಗಳ ಕ್ಷೇತ್ರದಲ್ಲಿ ಹೆಸರು ಮಾಡಿದ್ದ ಪ್ರೊ. ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ 1953ರ ಆರಂಭದಲ್ಲಿ ಪಿಎಚ್.ಡಿ. ಪೂರೈಸಿದರು. ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ದಿನದಿಂದ ಎಣಿಸಿದರೆ ಅಲ್ಲಿಗೆ 10 ವರ್ಷಗಳು ಸಂದಿದ್ದವು.

ಈ ಎರಡು ನೆರವುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದು ಹಡಗು ಹತ್ತಿಸಿತು, ದೇಶದ ಅಗತ್ಯಕ್ಕೆ ತಕ್ಕ ವಿಷಯವನ್ನು ಮುಂದಿಟ್ಟಿತು, ಒಂದು ಹಂತಕ್ಕೆ ನಿಂತಿತು. ಎರಡನೆಯದು ದೊರೆತದ್ದು ಅಲ್ಲಿಗೆ ಹೋಗಿ ಓದಿ ತೋರಿಸಿದ ಮೇಲೆ. ಸಂಶೋಧನೆ ಮುಗಿಯುವವರೆಗೆ ಬೇಕಾದ ವರ್ಷಗಳನ್ನು ಒದಗಿಸಿಕೊಟ್ಟದ್ದು ಅದೇ. ಮೊದಲ ಅವಕಾಶ ಪೂರ್ಣವಾಗಿಲ್ಲವೆಂದು ಕೈಬಿಟ್ಟಿದ್ದರೆ ಎರಡನೆಯದು ಬರುತ್ತಿರಲಿಲ್ಲ. ಮೊದಲನೆಯದೇ ಸಾಕೆಂದು ತೃಪ್ತಿಪಟ್ಟಿದ್ದರೆ ಮುಂದಿನ ಬದುಕೇ ಬೇರೆಯಾಗುತ್ತಿತ್ತು.

ಮರಳಿ ಬೆಂಗಳೂರಿಗೆ

ಡಾಕ್ಟರೇಟ್ ಪಡೆದವರಿಗೆ ಅಮೆರಿಕದಲ್ಲಿ ಅವಕಾಶಗಳಿದ್ದ ಕಾಲ. ರಾಜೇಶ್ವರಿ ಮಾತ್ರ 1953ರಲ್ಲೇ ತಾಯ್ನಾಡಿಗೆ ಮರಳಿ, ತಾವು ಹೊರಟಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೇ ಅಧ್ಯಾಪಕಿಯಾಗಿ ಬಂದರು. ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ವಿಭಾಗದಲ್ಲಿ ಅವರ ಕೆಲಸ ಆರಂಭವಾಯಿತು. ಅದೇ ವಿಭಾಗದ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ವಿವಾಹವಾದರು. ದಂಪತಿ ಜೊತೆಗೂಡಿ ಮೈಕ್ರೋವೇವ್ ಇಂಜಿನಿಯರಿಂಗ್ ಸಂಶೋಧನೆಗೆ ಅಲ್ಲಿ ಭದ್ರ ಬುನಾದಿ ಹಾಕಿದರು. ನಮ್ಮ ದೇಶದಲ್ಲಿ ಆ ಕ್ಷೇತ್ರ ಆಗಿನ್ನೂ ಕಣ್ಣು ಬಿಡುತ್ತಿತ್ತು. ರಾಡಾರ್, ವಿಮಾನ, ಬಾಹ್ಯಾಕಾಶ ನೌಕೆಗಳಿಗೆ ಬೇಕಾಗುವ ಆಂಟೆನಾಗಳ ಅಧ್ಯಯನ ಅವರ ಮುಖ್ಯ ಕಾರ್ಯಕ್ಷೇತ್ರವಾಯಿತು.

ಕಾಲಕ್ರಮೇಣ ಅವರು ಪ್ರಾಧ್ಯಾಪಕಿಯಾಗಿ, ವಿಭಾಗದ ಮುಖ್ಯಸ್ಥೆಯಾಗಿ ಏರಿದರು. 100ಕ್ಕೂ ಹೆಚ್ಚು ಸಂಶೋಧನಾ ಲೇಖನಗಳು, 7 ಪುಸ್ತಕಗಳು ಅವರಿಂದ ಬಂದವು. 20 ವಿದ್ಯಾರ್ಥಿಗಳು ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. ಬ್ರಿಟನ್ನಿನ ಇಂಜಿನಿಯರುಗಳ ಸಂಸ್ಥೆ ನೀಡುವ ಮೌಂಟ್‌ಬ್ಯಾಟನ್ ಬಹುಮಾನ, ಜೆ.ಸಿ. ಬೋಸ್ ಸ್ಮಾರಕ ಬಹುಮಾನ, ಬೋಧನೆ ಮತ್ತು ಸಂಶೋಧನೆಗಾಗಿ ರಾಮಲಾಲ್ ವಾಧ್ವಾ ಪ್ರಶಸ್ತಿ ಅವರನ್ನು ಅರಸಿ ಬಂದವು.

1982ರಲ್ಲಿ ನಿವೃತ್ತರಾದ ಬಳಿಕವೂ ಅವರು ಸುಮ್ಮನೆ ಕೂರಲಿಲ್ಲ. ಮಹಿಳಾ ಅಧ್ಯಯನದ ಭಾರತೀಯ ಸಂಘಟನೆಯ ಮೂಲಕ ಸಾಮಾಜಿಕ ಕಾರ್ಯಗಳಲ್ಲಿ ತೊಡಗಿದರು. ಅಜ್ಜಿ ಕಮಲಮ್ಮನವರು ಹಿಡಿದಿದ್ದ ಕೆಲಸಕ್ಕೆ ಮೊಮ್ಮಗಳೂ ಕೈಜೋಡಿಸಿದಂತಾಯಿತು. 2010ರ ಸೆಪ್ಟೆಂಬರ್ 3ರಂದು, 88ನೇ ವಯಸ್ಸಿನಲ್ಲಿ ಅವರು ಇಹಲೋಕ ತ್ಯಜಿಸಿದರು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ನಾನಾ ಕ್ಷೇತ್ರಗಳ ಪ್ರಥಮ ಮಹಿಳೆಯರ ಸಾಲಿನಲ್ಲಿ ಅವರನ್ನು ಮರಣೋತ್ತರವಾಗಿ ಗೌರವಿಸಿತು.

ನಮ್ಮ ಮಕ್ಕಳಿಗೆ

ಕಾಲ ಬದಲಾಗಿದೆ. ಮೂವತ್ತು ದಿನಗಳ ಹಡಗಿನ ಪಯಣ ಈಗ ಒಂದು ದಿನದ ವಿಮಾನಯಾನ. ಸರ್ಕಾರಿ ನೆರವು ಇಂದಿಗೂ ಇದೆ. ಪರಿಶಿಷ್ಟ ಜಾತಿ ಹಾಗೂ ಕೆಲವು ಇತರ ವರ್ಗಗಳ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಪಿಎಚ್.ಡಿ.ಗೆ ಸೇರುವವರಿಗೆ ಬೋಧನಾ ಸಹಾಯಕ, ಸಂಶೋಧನಾ ಸಹಾಯಕ ಹುದ್ದೆಗಳ ಮೂಲಕ ವಿಶ್ವವಿದ್ಯಾನಿಲಯಗಳೇ ಖರ್ಚು ಭರಿಸುವ ಪದ್ಧತಿಯಿದೆ. ಸ್ನಾತಕೋತ್ತರ ಪದವಿಗೆ ಅಂಥ ನೆರವು ಕಡಿಮೆ. ಅಲ್ಲಿಯೇ ಸಾಲದ ಭಾರ ಹೆಚ್ಚು.

ಆದ್ದರಿಂದ ಕೈಗೆ ಬಂದ ಪತ್ರಗಳನ್ನು ತೂಗುವಾಗ ಮೊತ್ತವೊಂದನ್ನೇ ನೋಡಿದರೆ ಸಾಲದು. ನೆರವು ಎಷ್ಟು ವರ್ಷಗಳಿಗೆ, ಯಾವ ಷರತ್ತಿಗೆ, ಯಾವ ಗುರುವಿನ ಕೈಕೆಳಗೆ, ಮೊದಲ ವರ್ಷದ ನಂತರ ನಿಂತುಹೋಗುವುದೇ ಮುಂದುವರಿಯುವುದೇ ಎಂಬುದನ್ನು ವಿಚಾರಿಸಬೇಕು. ರಾಜೇಶ್ವರಿ ಅವರಿಗೆ ಓದು ಮುಗಿಸಲು ಬೇಕಾದದ್ದೆಲ್ಲ ಒಂದೇ ಪತ್ರದಲ್ಲಿ ಬರಲಿಲ್ಲ. ಸಿಕ್ಕಿದ್ದನ್ನು ಪೂರ್ಣವಾಗಿ ಬಳಸಿಕೊಂಡು ಮುಂದಿನದಕ್ಕೆ ಅರ್ಹರಾದರು.

ಈ ವರ್ಷ ಉತ್ತರ ಬಾರದೆ ಕಂಗೆಟ್ಟಿರುವ ಮಗಳು, ಲೆಕ್ಕ ಕೂಡಿಬಾರದೆ ಚಿಂತಿಸುತ್ತಿರುವ ತಂದೆ, ಇಬ್ಬರೂ ಆ ಹತ್ತು ವರ್ಷಗಳನ್ನೊಮ್ಮೆ ನೆನೆಯಲಿ. ಏಪ್ರಿಲ್ ತಿಂಗಳ ಒಂದು ದಿನಾಂಕಕ್ಕೆ ಎಲ್ಲವೂ ಮುಗಿದುಹೋಗುವುದಿಲ್ಲ.